ಗಿಳಿ, ನಿಂಬೆ, ಬೆಣ್ಣೆ, ಕಾಗದ

ಮಗಳು ಬೀರುವಿನಿಂದ ಎರಡು ಅಂಗಿ ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಕಡು ಹಸಿರು, ಇನ್ನೊಂದು ಕಂದು. ಹಜಾರದಲ್ಲಿ ಅಪ್ಪನನ್ನು ಮಲಗಿಸಿದ್ದರು. ಅಂಗಿ ತೊಡಿಸಬೇಕಾದವರು ಬಾಗಿಲ ಹೊರಗೆ ಕಾಯುತ್ತಿದ್ದರು. ನಿನ್ನೆ ಬೆಳಿಗ್ಗೆ ಚಪ್ಪಲಿ ಮೆಟ್ಟಲು ಬಗ್ಗಿದ ಮನುಷ್ಯ ಮೇಲೇಳಲೇ ಇಲ್ಲ. ಸಾವು ಅಂದರೆ ಮೊದಲು ಕಾಯಿಲೆ, ಆಮೇಲೆ ಆಸ್ಪತ್ರೆ, ನಾಲ್ಕು ದಿನದ ಓಡಾಟ ಎಂದುಕೊಂಡಿದ್ದವಳಿಗೆ ಇದು ಯಾರೋ ಹಿಂದಿನಿಂದ ಬಂದು ತಳ್ಳಿದ ಹಾಗಾಗಿತ್ತು. ಇನ್ನೂ ಅಳು ಕೂಡ ಬಂದಿರಲಿಲ್ಲ.

"ಹಸಿರೇ ಇರಲಿ," ಅಂದಳು. "ಅಪ್ಪ ಅಂದ್ರೆ ಹಸಿರು. ಕಂದು ಹಾಕಿ ಕಳಿಸಿದ್ರೆ ಬೇಜಾರು ಮಾಡ್ಕೋತಾನೆ."

ಮಂಚದ ಮೇಲೆ ಬಟ್ಟೆ ಮಡಿಸುತ್ತ ಕೂತಿದ್ದ ಅತ್ತೆ, ಅಪ್ಪನ ಒಬ್ಬಳೇ ತಂಗಿ, ಮೂಗು ಒರೆಸಿಕೊಂಡಳು. "ಯಾವುದಾದ್ರೂ ಕೊಡು ಪುಟ್ಟಿ. ನಮ್ಮಣ್ಣಂಗೆ ಎರಡೂ ಒಂದೇ ತಾನೇ."

"ಒಂದೇ ಅಂದ್ರೆ?"

"ಒಂದೇ ಅಂದ್ರೆ ಒಂದೇ. ಹಸಿರು, ಹಳದಿ, ಕಂದು ಇವೆಲ್ಲ ಅವನಿಗೆ ಯಾವತ್ತು ಬೇರೆ ಬೇರೆ ಕಂಡಿತ್ತು? ಚಿಕ್ಕವನಿದ್ದಾಗ ಹಣ್ಣು ಕೀಳು ಅಂತ ಮರ ಹತ್ತಿಸಿದ್ರೆ ಬುಟ್ಟಿ ತುಂಬ ಕಾಯಿ ಕಿತ್ಕೊಂಡು ಇಳೀತಿದ್ದ. ಸೋಮಾರಿ ಅಂತ ನಮ್ಮಪ್ಪನ ಹತ್ರ ಏಟು ತಿಂತಿದ್ದ. ಆಮೇಲೆ ನಾನು ಕೆಳಗೆ ನಿಂತ್ಕೊಂಡು ಅದು ಹಣ್ಣು, ಅದು ಕಾಯಿ ಅಂತ ಕೂಗೋಳು." ಅತ್ತೆಗೆ ಆ ದುಃಖದಲ್ಲೂ ಸಣ್ಣ ನಗು ಬಂತು. "ಯಾಕೆ ಹಂಗ್ ನೋಡ್ತೀಯ? ನಿಂಗೆ ಗೊತ್ತಿಲ್ವಾ?"

ಹಸಿರು ಅಂಗಿ ಒಂದು ಕೈಯಲ್ಲಿ, ಕಂದು ಇನ್ನೊಂದರಲ್ಲಿ. ಮಗಳು ಗರ ಬಡಿದವಳಂತೆ ನಿಂತುಬಿಟ್ಟಳು. ಅವಳ ಅಪ್ಪ ಜೀವಮಾನವಿಡೀ ಮಾಡಿದ ಕೆಲಸವೆಂದರೆ ಒಂದೇ: ಕಬ್ಬಿನ ಎಲೆ ಎಷ್ಟು ಹಸಿರಾಗಿದೆ, ಎಷ್ಟು ಹಳದಿಯಾಗಿದೆ ಎಂದು ನೋಡಿ ಹೇಳುವುದು.

"ಅಂಗಿ ಸಿಕ್ತಾ?" ಎಂದು ಹೊರಗಿನಿಂದ ಯಾರೋ ಕೇಳಿದರು. ಅತ್ತೆ ಎದ್ದು, ಅವಳ ಕೈಯಿಂದ ಹಸಿರನ್ನೇ ಬಿಡಿಸಿಕೊಂಡು ಹೋದಳು.

*

ಕಬ್ಬಿನ ಸಂಶೋಧನಾ ಕೇಂದ್ರದ ಹಿಂಬದಿಗೆ ಬಿಳಿ ಹೊಲ ಅಂತ ಒಂದಿತ್ತು. ಸುಣ್ಣದಂಶ ಹೆಚ್ಚಾಗಿ, ಒಣಗಿದರೆ ಹಿಟ್ಟು ಚೆಲ್ಲಿದ ಹಾಗೆ ಕಾಣುವ ಮಣ್ಣು. ಅಲ್ಲಿ ಕಬ್ಬು ನೆಟ್ಟರೆ ಹಳೆಯ ಎಲೆ ಹಸಿರಾಗಿಯೇ ಇರುತ್ತದೆ. ಸುಳಿಯಿಂದ ಹೊಸದಾಗಿ ಬರುವ ಎಲೆ ಮಾತ್ರ ಮೊದಲು ಗೀರುಗೀರಾಗಿ, ಆಮೇಲೆ ಪೂರ್ತಿ ಬಿಳಿಚಿಕೊಳ್ಳುತ್ತದೆ. ಕಬ್ಬಿಣದ ಅಂಶ ಸಾಲದೆ ಹೀಗಾಗುತ್ತದೆ. ಅಪ್ಪ ಅದನ್ನು ಮಗಳಿಗೆ ಹೇಳುತ್ತಿದ್ದ ರೀತಿಯೇ ಬೇರೆ. "ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ ಪುಟ್ಟಿ. ಇದೆ. ಸುಣ್ಣ ಅದನ್ನ ಕೋಣೇಲಿ ಕೂಡಿಹಾಕಿ ಬೀಗ ಹಾಕಿದೆ. ಕೆಲವು ತಳಿ ಜಾಣ. ಬೇರಿಂದ ಒಂದು ರಸ ಬಿಟ್ಟು ಬೀಗ ತೆಗೆದು ಊಟ ಮಾಡ್ತವೆ. ಇನ್ನು ಕೆಲವು ಪೆದ್ದು. ಬಾಗಿಲ ಮುಂದೆನೇ ಉಪವಾಸ ಕೂರ್ತವೆ."

ಜಾಣ ಯಾವುದು, ಪೆದ್ದು ಯಾವುದು ಎಂದು ಹುಡುಕುವುದಕ್ಕೇ ಬಿಳಿ ಹೊಲ. ಒಂದೊಂದು ಸಾಲಿಗೆ ಒಂದೊಂದು ತಳಿ. ನೀರು ಒಂದೇ, ಗೊಬ್ಬರ ಒಂದೇ, ಬಿಸಿಲು ಒಂದೇ. ಆದರೂ ಒಂದು ಸಾಲು ಕಣ್ಣು ಕುಕ್ಕುವಷ್ಟು ಹಸಿರಾಗಿ ಬೀಗುತ್ತಿದ್ದರೆ ಮಗ್ಗುಲಿನ ಸಾಲು ಜ್ವರ ಬಂದವರ ಮುಖ ಮಾಡಿಕೊಂಡು ನಿಂತಿರುತ್ತಿತ್ತು. ಎಲೆಗೆ ಕಚ್ಚಿಸಿ ಅಳೆಯುವ ಯಂತ್ರ ಆಗಿನ್ನೂ ಬಂದಿರಲಿಲ್ಲ. ಕಣ್ಣಳತೆಯೇ ಗತಿ.

ಶಾಲೆಗೆ ಹೋಗುವ ಮುಂಚೆ ಅಪ್ಪ ಅವಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ಯುತ್ತಿದ್ದ. ಸಾಲಿನ ತುದಿಯಲ್ಲಿ ನಿಲ್ಲಿಸಿ, ಕೈ ಹಿಂದಕ್ಕೆ ಕಟ್ಟಿ, "ಮೊದಲು ನೀನು ಹೇಳು," ಅನ್ನುತ್ತಿದ್ದ. ಬಣ್ಣಗಳಿಗೆ ಹೆಸರಿಟ್ಟವಳೂ ಅವಳೇ. ಚೆನ್ನಾಗಿ ಹಸಿರಿದ್ದರೆ ಗಿಳಿ, ಹಸಿರಿನಲ್ಲಿ ಹಳದಿ ಇಣುಕಿದರೆ ನಿಂಬೆ, ಹಳದಿಯೇ ಆಗಿದ್ದರೆ ಬೆಣ್ಣೆ, ಬಿಳಿಯಾಗಿ ಕೈಬಿಟ್ಟು ಹೋಗಿದ್ದರೆ ಕಾಗದ. ಅವಳು ಕೂಗುತ್ತ ಓಡುವುದು, ಅಪ್ಪ ಹಿಂದೆಯೇ ಬಂದು ಸಾಲಿನ ಗೂಟದ ಮೇಲೆ ಸೀಮೆಸುಣ್ಣದಲ್ಲಿ ಆ ಹೆಸರಿಗೆ ತಕ್ಕ ಗೀಟು ಎಳೆಯುವುದು. ಅಪ್ಪ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾನೆ, ತಾನು ಪ್ರತಿಸಲವೂ ಪಾಸಾಗುತ್ತಿದ್ದೇನೆ ಎಂದು ಅವಳ ಜಂಬ ಹೇಳತೀರದು. ಆ ಹೆಸರುಗಳು ಕೇಂದ್ರದ ತುಂಬ ಹಬ್ಬಿ, ದೊಡ್ಡ ದೊಡ್ಡ ಅಧಿಕಾರಿಗಳು ಕೂಡ ಗಂಭೀರವಾಗಿ "ಈ ತಳಿ ಕಾಗದ ಆಗಿಹೋಯ್ತು" ಅನ್ನತೊಡಗಿದ್ದರು.

ಈಗ ಅವಳು ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆಯಲ್ಲಿ, ಮಾದರಿಗೂ ಬಟ್ಟೆಗೂ ಬಣ್ಣ ಹೊಂದಿತೋ ಇಲ್ಲವೋ ಎಂದು ನೋಡುವ ಕೆಲಸದಲ್ಲಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುತ್ತೀಯಲ್ಲ ಎಂದು ಯಾರಾದರೂ ಬೆರಗಾದರೆ ಅವಳದು ಒಂದೇ ಉತ್ತರ: "ನಂದು ಅಪ್ಪನ ಕಣ್ಣು."

*

ಅಮ್ಮ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಗಳು ಬಾಗಿಲು ಮುಂದೆ ಮಾಡಿ ಎದುರಿಗೆ ಕುಕ್ಕರಿಸಿದಳು.

"ಅಪ್ಪಂಗೆ ಹಸಿರು ಕಾಣ್ತಿರಲಿಲ್ವಾ?"

ಅಮ್ಮ ಬಾಗಿಲ ಕಡೆ ನೋಡಿದಳು. "ಮೆಲ್ಲಗೆ ಮಾತಾಡು. ಯಾರು ಹೇಳಿದ್ರು? ನಿಮ್ಮತ್ತೆನಾ? ಅವಳ ಬಾಯಿಗೊಂದು ಬೀಗ ಇಲ್ಲ."

"ನಿಂಗೆ ಗೊತ್ತಿತ್ತಾ?"

"ಕಟ್ಕೊಂಡವಳಿಗೆ ಗೊತ್ತಿರಲ್ವಾ? ದಿನಾ ಬಟ್ಟೆ ತೆಗೆದಿಡ್ತಿದ್ದೆನಲ್ಲ, ಮುದ್ದಿಗೆ ಅಂದ್ಕೊಂಡ್ಯಾ? ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಅವರ ಜೊತೆ ಹೊಲಕ್ಕೆ ಹೋಗಿ ಬಣ್ಣ ಹೇಳ್ತಿದ್ದೋಳು ನಾನೇ. ನಂಗೆ ಆ ಬಿಸಿಲು ಆಗ್ತಿರಲಿಲ್ಲ. ಅಷ್ಟರಲ್ಲಿ ನೀನು ಮಾತು ಕಲಿತೆ."

ಅಷ್ಟರಲ್ಲಿ ನೀನು ಮಾತು ಕಲಿತೆ! ಮಗಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಬೇರೆ ಮಕ್ಕಳ ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಎಲ್ಲೂ ಹೋಗುತ್ತಿರಲಿಲ್ಲ, ತನ್ನಪ್ಪ ಮಾತ್ರ ದಿನಾ ಕರೆದೊಯ್ಯುತ್ತಿದ್ದ ಎಂದು ಅವಳು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಬಂದ ಬೆಳಗುಗಳು ಅವು. ಅವುಗಳ ಬಣ್ಣ ಹೀಗೆ ಬಯಲಾಯಿತು.

"ಹಾಗಾದ್ರೆ ನಾನು ಮಗಳಾ, ಕನ್ನಡಕಾನಾ?"

"ಥೂ, ಬಿಡ್ತು ಅನ್ನು," ಅಂದಳು ಅಮ್ಮ. ಆಮೇಲೆ ಮಗಳ ಮುಂಗೈ ಹಿಡಿದುಕೊಂಡಳು. "ಇವತ್ತೊಂದು ದಿನ ಸುಮ್ನಿರು. ಜನ ಬರ್ತಾರೆ. ಎಲ್ರೂ ಅವರ ಕಣ್ಣನ್ನೇ ಹೊಗಳ್ತಾರೆ. ಜೀವಮಾನ ಪೂರ್ತಿ ಬಚ್ಚಿಟ್ಕೊಂಡಿದ್ದನ್ನ ಹೆಣದ ಮುಂದೆ ಆಡಬೇಡ ಪುಟ್ಟಿ, ನಿನ್ನ ಕಾಲಿಗೆ ಬೀಳ್ತೀನಿ."

*

ಜನ ಬಂದರು, ಅಮ್ಮ ಹೇಳಿದ ಹಾಗೆಯೇ ಹೊಗಳಿದರು. ಕೇಂದ್ರದಲ್ಲಿ ಅಪ್ಪನಿಗೆ ಹದ್ದಿನಕಣ್ಣು ಎಂದೇ ಹೆಸರು. ಅಂಗಳದಲ್ಲಿ ಹಾಕಿದ್ದ ಕುರ್ಚಿಗಳಲ್ಲಿ ಕೂತ ಒಬ್ಬೊಬ್ಬರೂ ಆ ಹೆಸರು ಎತ್ತಿದಾಗ ಮಗಳು ತಲೆ ತಗ್ಗಿಸಿ ನೀರಿನ ಲೋಟ ಕೊಟ್ಟುಕೊಂಡು ಹೋದಳು.

ಅಪ್ಪನ ಕೈಕೆಳಗೆ ಕೆಲಸ ಮಾಡಿದವರಲ್ಲಿ ಹಿರಿಯರೆಂದರೆ ಸಣ್ಣೋರು. ಸೇರಿದಾಗ ಎಲ್ಲರಿಗಿಂತ ಚಿಕ್ಕವರಿದ್ದುದರಿಂದ ಬಿದ್ದ ಹೆಸರು. ಈಗ ತಲೆಯಲ್ಲಿ ಒಂದು ಕರಿ ಕೂದಲಿಲ್ಲದಿದ್ದರೂ ಹೆಸರು ಹೋಗಿಲ್ಲ. ಅವರು ಲೋಟ ಕೈಯಲ್ಲೇ ಹಿಡಿದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನಿಮ್ಮಪ್ಪನಂಥ ಗುರು ಸಿಗಲ್ಲ ತಾಯಿ. ನೀನು ಓದೋಕೆ ಅಂತ ಊರು ಬಿಟ್ಟೆ ನೋಡು, ಆವತ್ತಿಂದ ನನ್ನನ್ನ ಜೊತೆಗೆ ಕರ್ಕೊಂಡ್ರು. ತಾವು ಒಂದು ಮಾತೂ ಆಡ್ತಿರಲಿಲ್ಲ. ಕೈ ಹಿಂದೆ ಕಟ್ಕೊಂಡು ನಿಂತು, 'ಮೊದಲು ನೀನು ಹೇಳು' ಅಂತಿದ್ರು. ನಾವು ಹೇಳಬೇಕು. ಇಬ್ಬರು ಎರಡು ಥರ ಹೇಳಿದ್ರೆ 'ಜಗಳ ಆಡಿ, ಒಂದಕ್ಕೆ ಬನ್ನಿ' ಅಂತಿದ್ರು. ಹಂಗೇ ನಮ್ಮ ಕಣ್ಣು ಪಳಗಿದ್ದು. ನಮ್ಮನ್ನ ತಿದ್ದಿದ್ದು ಅಂತ ಇಲ್ವೇ ಇಲ್ಲ."

ಸುತ್ತ ಕೂತವರು ತಲೆದೂಗಿದರು. "ನಂಗೂ ಹಂಗೇ ಕಲಿಸಿದ್ರು," ಅಂದರೊಬ್ಬರು. "ನಂಗೂ," ಅಂದರು ಇನ್ನೊಬ್ಬರು. ಮಗಳಿಗೆ ನಗಬೇಕೋ ಚೀರಬೇಕೋ ತಿಳಿಯಲಿಲ್ಲ. ಒಂದಿಡೀ ತಲೆಮಾರು, ಬಣ್ಣ ಕಾಣದ ಒಬ್ಬ ಮನುಷ್ಯನಿಂದ ಬಣ್ಣ ನೋಡುವುದನ್ನು ಕಲಿತು ಕೂತಿತ್ತು! ಅದರ ಜೊತೆಗೆ, ಹೇಳಲು ನಾಚಿಕೆ, ಸಣ್ಣದೊಂದು ಹೊಟ್ಟೆಕಿಚ್ಚೂ ಆಯಿತು. "ಮೊದಲು ನೀನು ಹೇಳು" ತನಗೊಬ್ಬಳಿಗೇ ಹೇಳಿದ ಮಾತೆಂದು ಅವಳು ತಿಳಿದಿದ್ದಳು.

ಕೇಂದ್ರದ ಈಗಿನ ಮುಖ್ಯಸ್ಥೆ ಎದುರಿಗಿನ ಕುರ್ಚಿಯಲ್ಲಿದ್ದರು. ಸರಳ ಹೆಂಗಸು, ಅಪ್ಪನನ್ನು ಕೊನೆಯ ವರ್ಷಗಳಲ್ಲಷ್ಟೇ ಕಂಡವರು. "ನಾವು ಯಂತ್ರ ತಂದು ಹಳೆಯ ತಳಿಗಳನ್ನೆಲ್ಲ ಮತ್ತೆ ಅಳೆದ್ವಿ," ಅಂದರು. "ಅವರು ಗುರುತು ಹಾಕಿದ್ದು ಒಂದೂ ಸುಳ್ಳಾಗಲಿಲ್ಲ. ಆ ಪಟ್ಟೆ ಕಬ್ಬು ಒಂದು ಬಿಟ್ಟು."

"ಅದೊಂದು ಗ್ರಹಚಾರ ಬಿಡಿ ಮೇಡಂ," ಸಣ್ಣೋರು ಕೈ ಕೊಡವಿದರು. "ಅಷ್ಟು ಚೆನ್ನಾಗಿ ನೋಡೋ ಮನುಷ್ಯ ಅದಕ್ಕೊಂದಕ್ಕೆ ಹೇಗೆ ಮೋಸ ಹೋದ್ರೋ. ಗಿಳಿ ಅಂತ ಗುರುತು ಹಾಕಿಬಿಟ್ರು. ಬಿಳಿ ಮಣ್ಣಿನ ಬೆಳೆಗಾರರಿಗೆ ಅದರ ಬೀಜದ ಕಬ್ಬು ಹಂಚಿದ್ರು. ಮೊದಲನೇ ಬೆಳೆನೇ ಬೆಣ್ಣೆ, ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆ ಪೂರ್ತಿ ಕಾಗದ. ಜನ ಬಂದು ಗೇಟಿನ ಹತ್ರ ಕೂಗಾಡಿದ್ರು. ವಿಚಾರಣೆ ಆಯ್ತು. ಸಾರ್ ಒಂದೇ ಮಾತು: ನನ್ನ ಕಣ್ಣು ತಪ್ಪಿತು. ಅವರನ್ನ ಹೊಲದಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ರು. ರಜಾ ದಿನ ಬಂದ್ರೆ ಬೆನ್ನಿಗೆ ಪಂಪು ಕಟ್ಕೊಂಡು ಆ ಬೆಳೆಗಾರರ ಹೊಲಕ್ಕೆ ಹೋಗಿ, ತಾವೇ ಅನ್ನಭೇದಿ ಕಲಸಿ ಎಲೆಗೆ ಹೊಡೆದು ಬರ್ತಿದ್ರು. ಅದು ಕಬ್ಬಿಣದ ಉಪ್ಪು ಅಲ್ವಾ, ಹೊಡೆದ್ರೆ ಎಲೆ ಒಂದಷ್ಟು ಚೇತರಿಸ್ಕೊಳ್ಳುತ್ತೆ."

ಮಗಳ ಕೈಯಲ್ಲಿದ್ದ ತಟ್ಟೆಯಿಂದ ಲೋಟ ಜಾರಿ ಬಿತ್ತು. ಯಾರೋ "ಪಾಪ, ನಿದ್ದೆಗೆಟ್ಟಿದ್ದಾಳೆ" ಅಂದರು.

*

ಪಟ್ಟೆ ಕಬ್ಬು ಬಿಳಿ ಹೊಲದ ಕೊನೆಯ ಸಾಲಿನಲ್ಲಿತ್ತು. ಜಲ್ಲೆಯ ಮೇಲೆ ಉದ್ದುದ್ದಕ್ಕೆ ನೇರಳೆ ಗೀರು, ಯಾರೋ ಕೂತು ಬಿಡಿಸಿದ ಹಾಗೆ. ಎಲ್ಲ ಕಬ್ಬಿಗಿಂತ ಅದು ಸಿಹಿ ಎಂದು ಅವಳ ತೀರ್ಮಾನ. ಮಗುವಿನ ಆ ತೀರ್ಮಾನಕ್ಕೆ ಮೇಲ್ಮನವಿ ಇರಲಿಲ್ಲ. ಗೂಟದ ಮೇಲೆ ಬೆಣ್ಣೆಯ ಗೀಟೋ ಕಾಗದದ ಗೀಟೋ ಬಿದ್ದ ಸಾಲುಗಳನ್ನು ಆಮೇಲೆ ಬೇರುಸಮೇತ ಅಗೆದು ಸುಡುವುದನ್ನು ಅವಳು ನೋಡಿದ್ದಳು.

ಒಂದು ಬೆಳಿಗ್ಗೆ ಪಟ್ಟೆ ಕಬ್ಬಿನ ಸುಳಿ ಹಳದಿಯಾಗಿತ್ತು. ಅಪ್ಪ ಕೈ ಹಿಂದೆ ಕಟ್ಟಿ ನಿಂತು, "ಮೊದಲು ನೀನು ಹೇಳು," ಅಂದ.

"ಗಿಳಿ," ಅಂದಳು ಮಗಳು.

"ನಿಜವಾಗ್ಲೂ?"

"ಗಿಳಿನೇ ಅಪ್ಪ. ಗಿಳಿಗಿಂತ ಗಿಳಿ."

ಅಪ್ಪ ಗೂಟದ ಮೇಲೆ ಗಿಳಿಯ ಗೀಟು ಎಳೆದ. ಅವನಿಗೆ ಗೊತ್ತಿದ್ದೂ ತನಗೋಸ್ಕರ ಕಬ್ಬನ್ನು ಉಳಿಸಿದ ಎಂದೇ ಅವಳು ತಿಳಿದಳು. ಸೈಕಲ್ಲಿನಲ್ಲಿ ವಾಪಸು ಬರುವಾಗ ಹ್ಯಾಂಡಲ್ಲಿನ ಮೇಲಿದ್ದ ಅವನ ಕೈಗೆ ಮುತ್ತು ಕೊಟ್ಟಿದ್ದಳು. ಮುಂದೆ ಅಪ್ಪ ಉಗ್ರಾಣಕ್ಕೆ ಹೋದದ್ದು, ಮನೆಗೆ ಬಂದಾಗ ಅವನ ಮೈಯೆಲ್ಲ ಗೋಣಿಚೀಲದ ವಾಸನೆ ಹೊಡೆಯುತ್ತಿದ್ದದ್ದು, ಊಟದ ಹೊತ್ತಿಗೆ ಮನೆಯಲ್ಲಿ ಯಾರೂ ಮಾತಾಡದಿದ್ದದ್ದು ಅವಳಿಗೆ ನೆನಪಿತ್ತು. ದೊಡ್ಡವರ ಯಾವುದೋ ತಾಪತ್ರಯ ಎಂದು ಆಟಕ್ಕೆ ಓಡಿದ್ದಳು. ಅಪ್ಪನನ್ನು ಮತ್ತೆ ಹೊಲಕ್ಕೆ ಹಾಕಿದ ದಿನ ಅವನು ಸೈಕಲ್ ಒರೆಸಿ, "ಬಾ ಪುಟ್ಟಿ, ಹೋಗೋಣ," ಎಂದು ಕರೆದಿದ್ದ. ಮತ್ತೆ ಸಾಲಿನ ತುದಿ, ಮತ್ತೆ ಅದೇ ಮಾತು.

*

ಸ್ಮಶಾನಕ್ಕೆ ಹೋಗುವ ವ್ಯಾನಿನಲ್ಲಿ ತಾಯಿ ಮಗಳು ಹಿಂದಿನ ಸೀಟಿನಲ್ಲಿದ್ದರು. ಅತ್ತೆ ಮುಂದೆ ಡ್ರೈವರಿಗೆ ದಾರಿ ಹೇಳುತ್ತಿದ್ದಳು; ಅವನಿಗೆ ದಾರಿ ಗೊತ್ತಿತ್ತು.

"ಪಟ್ಟೆ ಕಬ್ಬಿಗೆ ಸುಳ್ಳು ಹೇಳಿದ್ದು ನಾನು," ಅಂದಳು ಮಗಳು. "ಅಪ್ಪಂಗೆ ಕಾಣುತ್ತೆ ಅಂದ್ಕೊಂಡಿದ್ದೆ ಅಮ್ಮ. ಸುಮ್ನೆ ನನ್ನ ಮಾತು ನಡೆಸಿಕೊಟ್ಟ ಅಂದ್ಕೊಂಡಿದ್ದೆ."

ಅಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಗೊತ್ತು."

"ನಿಂಗೂ ಗೊತ್ತಾ?"

"ಅವರಿಗೂ ಗೊತ್ತಿತ್ತು. ಗಲಾಟೆ ಆದ್ಮೇಲೆ ನನ್ನನ್ನ ಹೊಲಕ್ಕೆ ಕರ್ಕೊಂಡು ಹೋಗಿ, ನೋಡಿ ಹೇಳು ಅಂದ್ರು. ಬೆಣ್ಣೆ ಅಂದ್ರೆ ಬೆಣ್ಣೆ ಆಗಿತ್ತು. ಅಲ್ಲೇ ಬದುವಿನ ಮೇಲೆ ಕೂತ್ಕೊಂಡು ನಕ್ಕರು. 'ಅವಳ ಕಣ್ಣು ತಪ್ಪಲ್ಲ ಕಣೆ, ಆ ಕಬ್ಬಿನ ಮೇಲೆ ಪ್ರಾಣ ಇಟ್ಕೊಂಡಿದ್ಲು' ಅಂದ್ರು. ನಂಗೆ ನಖಶಿಖಾಂತ ಉರಿದುಹೋಯ್ತು. ಮಗೂನ ಕೂರಿಸಿ ನಾಲ್ಕು ಮಾತು ಬುದ್ಧಿ ಹೇಳಿ ಅಂದೆ. ಹೇಳಲಿಲ್ಲ."

"ಮತ್ತೆ ನನ್ನನ್ನೇ ಯಾಕೆ ಕರ್ಕೊಂಡು ಹೋದ? ಒಂದ್ಸಲ ಕೈಕೊಟ್ಟವಳನ್ನ ಯಾರಾದ್ರೂ ನಂಬ್ತಾರಾ?"

"ನಾನೂ ಅದನ್ನೇ ಕೇಳಿದ್ದು. ಬೇರೆ ಯಾರನ್ನಾದ್ರೂ ಕೇಳಿ, ಅವಳನ್ನ ಬಿಟ್ಟುಬಿಡಿ ಅಂದೆ. ಆಗ ಏನಂದ್ರು ಗೊತ್ತಾ?" ಅಮ್ಮ ಈಗ ಅವಳ ಕಡೆ ತಿರುಗಿದಳು. "'ಈಗ ಬಿಟ್ಟರೆ ಯಾಕೆ ಬಿಟ್ಟೆ ಅಂತ ಅವಳಿಗೆ ಗೊತ್ತಾಗಿಬಿಡುತ್ತೆ' ಅಂದ್ರು."

ನಿನ್ನೆಯಿಂದ ಬಾರದಿದ್ದ ಅಳು ಆಗ ಬಂತು. ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ದಾರಿ ಹೇಳುವುದನ್ನು ನಿಲ್ಲಿಸಿದಳು. ತನ್ನ ತಪ್ಪು ಅಪ್ಪನ ಹೆಸರಿನ ಮೇಲೆ ಕಲೆಯಾಗಿ ಕೂತಿದೆ. ಅದನ್ನು ಒರೆಸಬೇಕಾದರೆ ಅವನಿಗೆ ಕಣ್ಣೇ ಇರಲಿಲ್ಲ ಎಂದು ಹೇಳಬೇಕು, ಹೇಳಿದರೆ ಇರುವ ಹೆಸರೂ ಹೋಗುತ್ತದೆ. ಸುಮ್ಮನಿದ್ದರೆ, ಜೀವಮಾನವೆಲ್ಲ ಒಂದೇ ಒಂದು ತಪ್ಪು ಮಾಡಿದ ದೊಡ್ಡ ಮನುಷ್ಯ ಎಂದು ಅವನನ್ನು ಮಣ್ಣು ಮಾಡುತ್ತಾರೆ, ಆ ಒಂದು ತಪ್ಪೂ ಅವನದಲ್ಲ.

"ಏನ್ ಮಾಡ್ಲಿ ಅಮ್ಮ?"

"ಬೆಳಿಗ್ಗೆ ಬೇಡ ಅಂದೆ. ಈಗ ನಂಗೂ ಗೊತ್ತಿಲ್ಲ," ಅಂದಳು ಅಮ್ಮ. "ನಿನ್ನ ಅಪ್ಪ, ನೀನು ನೋಡ್ಕೋ."

*

ಗುಂಡಿ ತೋಡಿ ಆಗಿತ್ತು. ಸ್ಮಶಾನದ ತಂತಿಬೇಲಿಯ ಆಚೆ ಯಾರದೋ ಕಬ್ಬಿನ ಗದ್ದೆ, ಆಳೆತ್ತರ ಬೆಳೆದಿತ್ತು. ಅಪ್ಪನನ್ನು ಇಳಿಸಿದ ಮೇಲೆ ಮುಖ್ಯಸ್ಥೆ ಮುಂದೆ ಬಂದು ನಾಲ್ಕು ಮಾತು ಆಡಿದರು. ಚೆನ್ನಾಗಿಯೇ ಆಡಿದರು. "ಹದ್ದಿನ ಕಣ್ಣೂ ಒಮ್ಮೆ ತಪ್ಪಬಹುದು. ತಪ್ಪನ್ನು ಒಪ್ಪಿಕೊಳ್ಳುವ ದೊಡ್ಡತನವನ್ನು ಅವರಿಂದ ಕಲಿಯಬೇಕು," ಎಂದು ಮುಗಿಸಿ, "ಮಗಳು ಏನಾದರೂ ಹೇಳುವುದಿದ್ದರೆ..." ಎಂದು ಪಕ್ಕಕ್ಕೆ ಸರಿದರು.

ಅಮ್ಮ ಅಷ್ಟು ಹೊತ್ತು ಹಿಡಿದುಕೊಂಡಿದ್ದ ಮಗಳ ಕೈಯನ್ನು ಬಿಟ್ಟಳು.

"ಆ ಪಟ್ಟೆ ಕಬ್ಬನ್ನ ಗಿಳಿ ಅಂದಿದ್ದು ಅಪ್ಪ ಅಲ್ಲ, ನಾನು," ಅಂದಳು ಮಗಳು. "ಆಗ ನಾನು ಚಿಕ್ಕವಳು. ಅದು ಹಳದಿ ಆಗಿತ್ತು, ನಂಗೆ ಕಾಣ್ತಿತ್ತು. ಅದನ್ನ ಸುಟ್ಟುಬಿಡ್ತಾರೆ ಅಂತ ಸುಳ್ಳು ಹೇಳಿದೆ. ಅಪ್ಪ ನಂಬಿದ."

"ಮಗು ಹೇಳಿದ್ರೇನು, ಅವರೂ ನೋಡಿರ್ತಾರಲ್ಲಮ್ಮ?" ಎಂದರು ಮುಖ್ಯಸ್ಥೆ, ಸಮಾಧಾನ ಮಾಡುವವರಂತೆ.

"ಇಲ್ಲ. ಅಪ್ಪಂಗೆ ಹಸಿರು ಕಾಣ್ತಿರಲಿಲ್ಲ. ಹಳದಿನೂ ಕಾಣ್ತಿರಲಿಲ್ಲ. ಎರಡೂ ಒಂದೇ. ಹುಟ್ಟಿನಿಂದ."

ಗುದ್ದಲಿ ಹಿಡಿದು ನಿಂತವರು ಕೂಡ ಮುಖ ಮುಖ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ, "ಹಾಗಾದ್ರೆ ನಮ್ಮನ್ನ..." ಎಂದು ಶುರುಮಾಡಿ ಮುಗಿಸಲಿಲ್ಲ. ಅಪ್ಪನ ಕೈಯಲ್ಲಿ ಪಳಗಿದ ಒಬ್ಬೊಬ್ಬರ ಮುಖದಲ್ಲೂ ಆ ಮಾತು ಮೆಲ್ಲಗೆ ಇಳಿಯುವುದನ್ನು ಮಗಳು ನೋಡುತ್ತ ನಿಂತಳು. ಯಾವುದಾದರೂ ಮುಖದಲ್ಲಿ ತಿರಸ್ಕಾರ ಕಂಡರೆ ಅಲ್ಲೇ ಕುಸಿಯುತ್ತಿದ್ದಳು. ಕಂಡದ್ದು ಬರೀ ದಿಗಿಲು, ದಾರಿಯಲ್ಲಿ ದೊಡ್ಡವರ ಕೈ ತಪ್ಪಿದ ಮಕ್ಕಳ ಮುಖದಲ್ಲಿ ಇರುವಂಥದು.

ಸಣ್ಣೋರು ಗುಂಡಿಯ ಅಂಚಿಗೆ ಬಂದರು. ಕೆಳಗೆ ನೋಡಿದರು, ಮಗಳನ್ನು ನೋಡಿದರು, ಆಮೇಲೆ ತಂತಿಬೇಲಿಯ ಆಚೆಗಿನ ಗದ್ದೆಯನ್ನು ಬಹಳ ಹೊತ್ತು ನೋಡಿದರು. ಮತ್ತೆ ಗುಂಡಿಯ ಕಡೆ ಬಗ್ಗಿ, ದಿನಾ ಬೆಳಿಗ್ಗೆ ಹೇಳುತ್ತಿದ್ದ ದನಿಯಲ್ಲೇ ಶುರುಮಾಡಿದರು.

"ಆ ಕಡೆ ಪೂರ್ತಿ ಗಿಳಿ, ಸಾರ್. ಚೆನ್ನಾಗಿ ಬಂದಿದೆ."

ಹಿಂದಿನಿಂದ ಇನ್ನೊಬ್ಬರು, "ಬಾವಿ ಹತ್ರ ನಿಂಬೆ, ಸಾರ್," ಅಂದರು.

"ನಿಂಬೆ ಅಲ್ಲ, ಗಿಳಿನೇ. ಬಿಸಿಲಿಗೆ ಹಂಗೆ ಕಾಣುತ್ತೆ."

"ಸರಿಯಾಗಿ ನೋಡ್ರೀ, ನಿಂಬೆ."

ಜಗಳವಾಡಿ ನಿಂಬೆ ಅಂತಲೇ ಒಪ್ಪಿಕೊಂಡರು. ಬೇಲಿಗೆ ಅಂಟಿಕೊಂಡಂತೆ ಇದ್ದ ಕೊನೆಯ ಸಾಲು ಮಾತ್ರ ಉಳಿಯಿತು. ಅದು ಸುಳಿಯಿಂದ ಅರ್ಧದವರೆಗೂ ಬಿಳಿಚಿಕೊಂಡು ನಿಂತಿತ್ತು. ಎಲ್ಲರಿಗೂ ಕಾಣುತ್ತಿತ್ತು, ಯಾರಿಗೂ ಈ ಹೊತ್ತಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಮಗಳು ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು.

"ಕೊನೇದು ಕಾಗದ, ಅಪ್ಪ," ಅಂದಳು. "ಪೂರ್ತಿ ಕಾಗದ."